ಧರ್ಮದ ಹಣ ಸಂಶೋಧನೆಗೂ ಸಲ್ಲಲಿ



ಲಾಭದ ವಿಂಗಡಣೆಯಲ್ಲಿ ಧರ್ಮಕಾರ್ಯಕ್ಕೆಂದು ಎತ್ತಿಡುವ ಮೊತ್ತದಲ್ಲಿ ಒಂದು ಪಾಲನ್ನು ಮಕ್ಕಳ ಸ್ನಾಯುಕ್ಷಯ ರೋಗದ ಸಂಶೋಧನೆಗೆ ಕೊಡಬೇಕೆಂದು ನಾವು ಸೂಚಿಸಿದಾಗ, "ಕಾಯಿಲೆಯವರಿಗೆ ಕೊಡೋಣ, ಪ್ರಯೋಗಶಾಲೆಗೇಕೆ?" ಎಂಬ ಪ್ರಶ್ನೆ ಬಂತು. ಪ್ರಶ್ನೆ ನ್ಯಾಯವಾದದ್ದೇ. ಉತ್ತರವನ್ನು ಎಲ್ಲ ಸದಸ್ಯರ ಮುಂದೆ ಇಡುತ್ತಿದ್ದೇವೆ.

ಡುಶೇನ್ ಸ್ನಾಯುಕ್ಷಯವೆಂಬುದು ಸುಮಾರು 3500ರಿಂದ 5000 ಗಂಡು ಶಿಶುಗಳಲ್ಲಿ ಒಂದಕ್ಕೆ ಬರುವ ರೋಗ. ಮೂರು ನಾಲ್ಕು ವರ್ಷದ ಮಗು ಪದೇ ಪದೇ ಎಡವುತ್ತದೆ. ನೆಲದಿಂದ ಏಳುವಾಗ ತನ್ನ ತೊಡೆಗಳ ಮೇಲೆಯೇ ಕೈಯೂರುತ್ತದೆ. ಮೀನಖಂಡ ದಪ್ಪಗಿರುವುದನ್ನು ಕಂಡು ಮನೆಯವರು ಪುಷ್ಟಿಯೆಂದೇ ತಿಳಿಯುತ್ತಾರೆ. ಹನ್ನೆರಡರ ಹೊತ್ತಿಗೆ ಹೆಚ್ಚಿನವರಿಗೆ ಗಾಲಿಕುರ್ಚಿ. ಆಮೇಲೆ ಉಸಿರಿಗೂ ಹೃದಯಕ್ಕೂ ತೊಂದರೆ. ಸ್ಟೀರಾಯ್ಡ್ ಔಷಧಿ ರೋಗವನ್ನು ನಿಧಾನಗೊಳಿಸುತ್ತದೆ, ನಿಲ್ಲಿಸುವುದಿಲ್ಲ.

ಸೋದರಿಕೆಯಲ್ಲಿ ಲಗ್ನ ಮಾಡಿದ್ದರಿಂದ ಹೀಗಾಯಿತೆಂದು ನಮ್ಮ ನಾಯಕನಹಟ್ಟಿ ಸೀಮೆಯಲ್ಲಿ ಹೇಳುವುದುಂಟು. ಈ ರೋಗಕ್ಕೆ ಅದು ಕಾರಣವಲ್ಲ. ದೋಷವಿರುವುದು ಎಕ್ಸ್ ವರ್ಣತಂತುವಿನಲ್ಲಿ. ತಾಯಿಯಿಂದ ಬರಬಹುದು, ಸುಮಾರು ಮೂರರಲ್ಲಿ ಒಂದು ಮಗುವಿನಲ್ಲಿ ಹೊಸದಾಗಿಯೇ ಹುಟ್ಟುತ್ತದೆ. ಸೊಸೆಯನ್ನು ಹಳಿಯುವ ಮನೆಗಳು ಇಷ್ಟನ್ನಾದರೂ ತಿಳಿಯಬೇಕು. 1986–87ರಲ್ಲಿ ಬಾಸ್ಟನ್ನಿನಲ್ಲಿ ಲೂಯಿಸ್ ಕುಂಕೆಲ್ ತಂಡದವರು ಈ ವಂಶವಾಹಿಯನ್ನು ಗುರುತಿಸಿದ್ದರಿಂದಲೇ ಇಂದು ರಕ್ತಪರೀಕ್ಷೆಯಿಂದ ಇದನ್ನು ಹೇಳಲು ಸಾಧ್ಯವಾಗಿದೆ.

ಇನ್ನು ಚಿಕಿತ್ಸೆಯ ಮಾತು. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ವಂಶವಾಹಿ ಚಿಕಿತ್ಸೆಯ ಬೆಲೆ 32 ಲಕ್ಷ ಡಾಲರ್, ಅಂದರೆ 25 ಕೋಟಿ ರೂಪಾಯಿಗೂ ಮೇಲೆ. ಅದೂ ಪೂರ್ತಿ ಗುಣಪಡಿಸುವಂಥದ್ದಲ್ಲ. ಕೇಂದ್ರ ಸರ್ಕಾರದ 2021ರ ಅಪರೂಪದ ರೋಗಗಳ ನೀತಿಯಲ್ಲಿ ನೆರವಿನ ಮಿತಿಯನ್ನು 2022ರಲ್ಲಿ 50 ಲಕ್ಷಕ್ಕೆ ಏರಿಸಿದರು. ಅಂತರ ಎಷ್ಟೆಂದು ಲೆಕ್ಕ ಬರೆಯುವ ನಾವು ಬಿಡಿಸಿ ಹೇಳಬೇಕಿಲ್ಲ. ಸಂಘದ ಧರ್ಮದ ಹಣವನ್ನೆಲ್ಲ ಸುರಿದರೂ ಒಂದು ಮಗುವಿಗೆ ಸಾಲದು. ಅಗ್ಗದ ಔಷಧಿ ನಮ್ಮ ದೇಶದಲ್ಲೇ ಆಗಬೇಕು.

ಬೆಂಗಳೂರಿನಲ್ಲಿ ಅಂಥ ಪ್ರಯತ್ನವಿದೆ. ರೋಗಪೀಡಿತ ಮಕ್ಕಳ ಪೋಷಕರು ಕಟ್ಟಿದ ಡಿಸ್ಟ್ರಫಿ ಅನೈಹಿಲೇಷನ್ ರಿಸರ್ಚ್ ಟ್ರಸ್ಟ್, ಜೋಧಪುರದ ಐಐಟಿ ಮತ್ತು ಏಮ್ಸ್ ಜೊತೆಗೂಡಿ ಔಷಧಿ ರೂಪಿಸಲು ಹೊರಟಿದೆ. ಅದರ ತತ್ತ್ವ ತೋಟದವರಿಗೆ ಕಷ್ಟವಲ್ಲ. ಡ್ರಿಪ್ ಪೈಪು ಒಡೆದಾಗ ಆ ತುಂಡನ್ನು ಕತ್ತರಿಸಿ ಜಾಯಿನರ್ ಹಾಕುತ್ತೇವಲ್ಲವೆ? ಪೈಪು ಗಿಡ್ಡವಾದರೂ ಮುಂದಿನ ಗಿಡಗಳಿಗೆ ನೀರು ಹೋಗುತ್ತದೆ. ಈ ವಂಶವಾಹಿಯಲ್ಲಿ 79 ತುಂಡುಗಳಿವೆ. ಕೆಟ್ಟ ಜಾಗವನ್ನು ಹಾರಿಸಿ ಉಳಿದುದನ್ನು ಓದಿಸುವುದು ಇಲ್ಲಿನ ಉಪಾಯ. ಒಡೆದ ಜಾಗ ಮಗುವಿನಿಂದ ಮಗುವಿಗೆ ಬೇರೆಯಾದ್ದರಿಂದ ಒಂದೇ ಔಷಧಿ ಎಲ್ಲರಿಗೂ ಆಗದು. ಗಿರಾಕಿ ಕಡಿಮೆಯಿರುವ ಇಂಥ ಕೆಲಸಕ್ಕೆ ಕಂಪನಿಗಳು ಸುಲಭವಾಗಿ ಕೈಹಾಕುವುದಿಲ್ಲ.

ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣ ಆಕಾಶದಿಂದ ಬೀಳಲಿಲ್ಲ. ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆ ಮಲೆನಾಡಿನ ಅಡಿಕೆ ತೋಟಗಳಲ್ಲಿ ಆ ರೋಗವನ್ನು ಅಭ್ಯಾಸ ಮಾಡಿದರು. ಕಾಫಿ ಸದಸ್ಯರಿಗೆ 1925ರಲ್ಲಿ ಆರಂಭವಾದ ಬಾಳೆಹೊನ್ನೂರಿನ ಪ್ರಯೋಗ ಕೇಂದ್ರದ ಉಪಕಾರ ಗೊತ್ತೇ ಇದೆ. ಕೊಳೆ ಬಂದವನಿಗೆ ನಾಲ್ಕು ಕಾಸು ಕೊಟ್ಟು ಸುಮ್ಮನಾಗಿದ್ದರೆ ಪ್ರತಿ ಮುಂಗಾರಿಗೂ ಕೊಡುತ್ತಲೇ ಇರಬೇಕಾಗಿತ್ತು.

ಫ್ರಾನ್ಸಿನಲ್ಲಿ ಇಂಥ ಮಕ್ಕಳ ಪೋಷಕರ ಸಂಘವು 1987ರಿಂದ ಟೆಲಿವಿಷನ್ ಮೂಲಕ ಜನರಲ್ಲಿ ಚಂದಾ ಎತ್ತಿ, ಆ ಹಣದಿಂದ 1990ರಲ್ಲಿ ಜೆನೆಥಾನ್ ಎಂಬ ಪ್ರಯೋಗಶಾಲೆಯನ್ನೇ ಕಟ್ಟಿತು. ನಮ್ಮಲ್ಲೂ ಕೊಡುವ ಕೈಗೆ ಬರವಿಲ್ಲ. ತೇರಿನ ದಿನ ಮುಕ್ತಿ ಬಾವುಟ ಲಕ್ಷಗಟ್ಟಲೆಗೆ ಹರಾಜಾಗುವ ಊರು ನಮ್ಮದು. ಆ ತಿಪ್ಪೇರುದ್ರಸ್ವಾಮಿಗಳು ಕೆರೆಗಳನ್ನು ಕಟ್ಟಿಸಿದರೆಂದೇ ಕೇಳುತ್ತ ಬೆಳೆದವರು ನಾವು.

ಹಾಗೆಂದು ಕಣ್ಣುಮುಚ್ಚಿ ಕೊಡಬೇಕೆಂದಲ್ಲ. ಕಾಂಡಕೋಶ ಚಿಕಿತ್ಸೆಯಿಂದ ಈ ರೋಗ ವಾಸಿಯೆಂದು ಹಣ ಕೀಳುವವರೂ ಇದ್ದಾರೆ. ಅಂಥವರಿಗೆ ಒಂದು ಪೈಸೆಯೂ ಬೇಡ. ಧರ್ಮದ ಮೊತ್ತದಲ್ಲಿ ನೂರಕ್ಕೆ ಹತ್ತರಂತೆ ಮೂರು ವರ್ಷ ಕೊಡುವುದು. ವರ್ಷಕ್ಕೊಮ್ಮೆ ಲೆಕ್ಕಪರಿಶೋಧಿತ ಪಟ್ಟಿ ಮತ್ತು ಕೆಲಸದ ವರದಿ ತರಿಸಿ ಈ ಪತ್ರಿಕೆಯಲ್ಲಿ ಅಚ್ಚುಹಾಕುವುದು. ವರದಿ ಬಾರದಿದ್ದರೆ ಮುಂದಿನ ಕಂತು ನಿಲ್ಲಿಸುವುದು. ಸದಸ್ಯರ ಮನೆಯ ಕಾಯಿಲೆಗೆ ಈಗ ಕೊಡುತ್ತಿರುವ ನೆರವಿಗೆ ಕೈಹಚ್ಚುವುದಿಲ್ಲ.

ವಿಷಯ ಬರುವ ಸರ್ವಸದಸ್ಯರ ಸಭೆಯ ಮುಂದೆ ಬರಲಿದೆ. ಆಕ್ಷೇಪಣೆಯಿದ್ದವರು ಹದಿನೈದು ದಿನ ಮುಂಚಿತವಾಗಿ ಬರಹದಲ್ಲಿ ಕಚೇರಿಗೆ ತಲುಪಿಸಬೇಕಾಗಿ ವಿನಂತಿ.