ತಹ್ನೀಕ್‌ನ ಸಿಹಿ ಮತ್ತು ತಾಯಿಯ ಹಾಲು

ನವಜಾತ ಶಿಶುವಿನ ಅಂಗುಳಿಗೆ ಅಗಿದ ಖರ್ಜೂರದ ಸಿಹಿಯನ್ನು ಸವರುವ ತಹ್ನೀಕ್ ಪ್ರವಾದಿ ಮುಹಮ್ಮದ್(ಸ)ರ ಸುನ್ನತ್ ಆಗಿದೆ. ಹಝ್ರತ್ ಅಬೂ ಮೂಸಾ ಅಲ್ ಅಶ್‌ಅರೀ(ರ)ರವರು ತಮ್ಮ ಮಗುವನ್ನು ತಂದಾಗ ಪ್ರವಾದಿಯವರು(ಸ) ಅದಕ್ಕೆ ಇಬ್ರಾಹೀಮ್ ಎಂದು ಹೆಸರಿಟ್ಟು, ತಹ್ನೀಕ್ ಮಾಡಿ, ಬರಕತ್ತಿಗಾಗಿ ಪ್ರಾರ್ಥಿಸಿದರೆಂದು ಸಹೀಹ್ ಬುಖಾರಿಯಲ್ಲಿದೆ.

ಈ ಸುನ್ನತ್ತನ್ನು ರಕ್ತದ ಸಕ್ಕರೆ ಕುಸಿತಕ್ಕೆ ವಿಜ್ಞಾನವೇ ಒಪ್ಪಿದ ಔಷಧವೆಂದು ಸಾರುವ ಬರಹಗಳನ್ನು ನಾವು ಓದುತ್ತಿರುತ್ತೇವೆ. ಅವು ಆಧರಿಸುವುದು 2013ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ನ್ಯೂಜಿಲೆಂಡಿನ ಅಧ್ಯಯನವನ್ನು. ಅಲ್ಲಿ ಸಕ್ಕರೆ ಅಂಶ ಕುಸಿದಿದ್ದ 242 ಶಿಶುಗಳಲ್ಲಿ ಕೆಲವಕ್ಕೆ ಶೇ. 40ರ ಡೆಕ್ಸ್‌ಟ್ರೋಸ್ ಜೆಲ್ ಅನ್ನು ಕೆನ್ನೆಯ ಒಳಭಾಗಕ್ಕೆ ಸವರಲಾಯಿತು. ಉಳಿದವಕ್ಕೆ ಸಕ್ಕರೆಯಿಲ್ಲದ ಜೆಲ್. ಚಿಕಿತ್ಸೆ ಫಲಿಸದಿದ್ದುದು ಮೊದಲ ಗುಂಪಿನಲ್ಲಿ ಶೇ. 14, ಎರಡನೆಯದರಲ್ಲಿ ಶೇ. 24. ಆದರೆ ಪರೀಕ್ಷಿಸಿದ್ದು ತೂಕಕ್ಕೆ ತಕ್ಕಂತೆ ಅಳೆದ ಜೆಲ್ಲನ್ನೇ ಹೊರತು ಖರ್ಜೂರವನ್ನಲ್ಲ. ಸುನ್ನತ್ತಿಗೆ ಪ್ರಯೋಗಾಲಯದ ಸಾಕ್ಷಿಪತ್ರ ಬೇಕಿಲ್ಲ. ಇಲ್ಲದ ಸಾಕ್ಷಿಯನ್ನು ಅದಕ್ಕೆ ಅಂಟಿಸುವುದು ಸತ್ಯಕ್ಕೆ ಮಾಡುವ ಅನ್ಯಾಯ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಬ್ಬು ಬೆಳೆಯುವ ಸೀಮೆ. ಸಿಹಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಶಿಶುವಿಗೆ ಬೆಲ್ಲದ ನೀರು, ಸಕ್ಕರೆ ನೀರು ಕುಡಿಸುವುದು ತಹ್ನೀಕ್ ಅಲ್ಲ. ಜೇನುತುಪ್ಪವನ್ನಂತೂ ವರ್ಷ ತುಂಬುವವರೆಗೆ ನೆಕ್ಕಿಸಬಾರದು. ಅದರಿಂದ ಬೊಟುಲಿಸಂ ಎಂಬ ಮಾರಕ ರೋಗ ತಗಲಬಹುದು. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ, ತಂಬಾಕು ಮುಟ್ಟುವ ಕೈಗಳು ಬಹಳ. ಸೋಪಿನಿಂದ ತೊಳೆಯದೆ ಬೆರಳನ್ನು ಮಗುವಿನ ಬಾಯಿಗಿಡಬಾರದು. ಕೆಮ್ಮು, ಜ್ವರ, ಬಾಯಿಹುಣ್ಣು ಇರುವವರು ದೂರವಿರಲಿ. ನುಣ್ಣಗಾದ ಖರ್ಜೂರದ ಲೇಪವಷ್ಟೇ ಸಾಕು, ತುಣುಕು ಉಳಿಯಬಾರದು. ದಿನ ತುಂಬದ ಮಗುವಾದರೆ ವೈದ್ಯರನ್ನು ಕೇಳಿಯೇ ಮಾಡಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ದೂರದೂರಿನ ಹಿರಿಯರು ಬರಲೆಂದು ಮಗುವನ್ನು ಹಾಲಿಲ್ಲದೆ ಕಾಯಿಸುವುದು ಸಲ್ಲದು. ತಹ್ನೀಕನ್ನು ತಂದೆತಾಯಿಯೂ ಮಾಡಬಹುದು. ಹೆರಿಗೆಯಾದ ಒಂದು ಗಂಟೆಯೊಳಗೆ ತಾಯಿಯ ಮೊದಲ ಹಳದಿ ಹಾಲು ಮಗುವಿಗೆ ಸಿಗಬೇಕು. ಸಕ್ಕರೆ ಕುಸಿಯದಂತೆ ಕಾಯುವ ಮೊದಲ ಆಹಾರ ಅದೇ. ತಾಯಂದಿರು ಎರಡು ವರ್ಷ ಹಾಲೂಡಿಸುವ ವಿಷಯವನ್ನು ಕುರ್‌ಆನ್ ಸೂರಃ ಅಲ್ ಬಕರಃದಲ್ಲಿ ತಿಳಿಸಿದೆ.

ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ, ಮಗು ದಿನ ತುಂಬದೆ ಅಥವಾ ಕಡಿಮೆ ತೂಕದಲ್ಲಿ ಹುಟ್ಟಿದ್ದರೆ ಅಪಾಯ ಹೆಚ್ಚು. ಅಂಥ ಮಗುವಿನ ರಕ್ತ ಪರೀಕ್ಷೆಗೆ ಅಡ್ಡಿ ಮಾಡಬಾರದು. ಮಗು ನಡುಗಿದರೆ, ಹಾಲು ಚೀಪದೆ ಮಂಕಾದರೆ, ಮೈ ತಣ್ಣಗಾದರೆ, ನೀಲಿಗಟ್ಟಿದರೆ ಖರ್ಜೂರ ಹುಡುಕದೆ ತಕ್ಷಣ ವೈದ್ಯರನ್ನು ಕರೆಯಬೇಕು. ಮನೆಯಲ್ಲಿದ್ದರೆ 108ಕ್ಕೆ ಫೋನ್ ಮಾಡಬೇಕು. ಚಿಕಿತ್ಸೆ ಪಡೆಯುವುದೂ ಪ್ರವಾದಿಯವರ(ಸ) ಬೋಧನೆಯೇ.

ಅಲ್ಲಾಹನು ನಮ್ಮ ಮಕ್ಕಳಿಗೆ ಆರೋಗ್ಯವನ್ನೂ ನಮಗೆ ವಿವೇಕವನ್ನೂ ದಯಪಾಲಿಸಲಿ. ಆಮೀನ್.