ದನದ ಹಿಂಡಿಯಲ್ಲಿ ಸೆಲೀನಿಯಂ ಯೀಸ್ಟ್

ದನಗಳ ಹಿಂಡಿಗೆ ಬೆರೆಸುವುದಕ್ಕೆಂದು ಮಾರಾಟಕ್ಕೆ ಬರುವ ಖನಿಜ ಮಿಶ್ರಣಗಳ ಪೈಕಿ ಕೆಲವುಗಳ ಚೀಟಿಯ ಮೇಲೆ 'ಸೆಲೀನಿಯಂ ಯೀಸ್ಟ್' ಎಂಬ ಹೆಸರು ಕಾಣಬರುತ್ತದೆ. ಯೀಸ್ಟ್ ಎಂಬುದು ನಿರುಪದ್ರವಿಯಾದ ಹುದುಗು, ಆದಕಾರಣ ಇದನ್ನು ಹೆಚ್ಚು ಹಾಕಿದಷ್ಟೂ ಹೆಚ್ಚು ಗುಣವೆಂದು ಭಾವಿಸುವವರುಂಟು. ಈ ಭಾವನೆಯು ದನಗಳಿಗೆ ಅಪಾಯಕರವಾದುದು. ಅದು ಹೇಗೆಂಬುದು ಆ ಹುದುಗಿನ ಜೀವನಕ್ರಮವನ್ನು ನೋಡಿದರೆ ತಿಳಿಯುವುದು.

ಈಚಲ ಹೆಂಡವನ್ನು ನೊರೆಗಟ್ಟಿಸುವ, ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಅಣುಜೀವಿಯೇ ಯೀಸ್ಟ್. ತನ್ನ ಮೈಯ ಸಸಾರಜನಕಗಳನ್ನು ಕಟ್ಟಿಕೊಳ್ಳುವುದಕ್ಕೆ ಅದಕ್ಕೆ ಮೆಥಿಯೋನಿನ್, ಸಿಸ್ಟೀನ್ ಎಂಬ ಎರಡು ಗಂಧಕಯುಕ್ತ ಅಮೈನೋ ಆಮ್ಲಗಳು ಅವಶ್ಯಕ. ಸ್ವೀಡನ್ ದೇಶದ ಬರ್ಜೀಲಿಯಸನು 1817ರಲ್ಲಿ ಕಂಡುಹಿಡಿದ ಸೆಲೀನಿಯಮಾದರೋ ಗಂಧಕದ ದಾಯಾದಿ. ಗುಣದಲ್ಲಿ ಇವೆರಡೂ ಎಷ್ಟು ಹತ್ತಿರವೆಂದರೆ, ಕಾಕಂಬಿಯ ರಸದಲ್ಲಿ ಗಂಧಕವನ್ನು ಕಡಮೆಮಾಡಿ ಸೆಲೀನಿಯಂ ಲವಣವನ್ನು ಸ್ವಲ್ಪಸ್ವಲ್ಪವಾಗಿ ಒದಗಿಸಿದರೆ ಯೀಸ್ಟ್ ಕೋಶವು ಭೇದವರಿಯದೆ ಗಂಧಕದ ಸ್ಥಾನದಲ್ಲಿ ಸೆಲೀನಿಯಮನ್ನು ಕೂರಿಸಿ ಸೆಲೆನೋಮೆಥಿಯೋನಿನ್ ಎಂಬ ಅಮೈನೋ ಆಮ್ಲವನ್ನು ತಯಾರಿಸುತ್ತದೆ. ಅದನ್ನೇ ತನ್ನ ಸಸಾರಜನಕದಲ್ಲಿಯೂ ಸೇರಿಸಿಕೊಳ್ಳುತ್ತದೆ. ಒಳ್ಳೆಯ ಮಾಲಿನಲ್ಲಿ ಸೆಲೀನಿಯಮಿನ ಅರ್ಧಕ್ಕೂ ಮೀರಿದ ಭಾಗವು ಈ ರೂಪದಲ್ಲಿಯೇ ಇರುವುದು. ಹೆಂಡದ ಗಡಿಗೆಯ ತಳದಲ್ಲಿ ನಿಲ್ಲುವ ಮಡ್ಡಿಗೆ ಇಂತಹ ಗುಣವಿರುವುದೆಂದು ಯಾರೂ ಎಣಿಸಬಾರದು.

ಇಷ್ಟಕ್ಕೇ ನಿಂತಿದ್ದರೆ ಕೋಶಕ್ಕೆ ಹೆಚ್ಚಿನ ಕೇಡಿರಲಿಲ್ಲ. ಆದರೆ ಯೀಸ್ಟ್ ಮೆಥಿಯೋನಿನ್ನನ್ನು ಹಂತಹಂತವಾಗಿ ಸಿಸ್ಟೀನನ್ನಾಗಿ ಮಾರ್ಪಡಿಸಿಕೊಳ್ಳುವ ದಾರಿಯಲ್ಲಿಯೇ ಸೆಲೆನೋಮೆಥಿಯೋನಿನ್ನೂ ನಡೆದು ಸೆಲೆನೋಸಿಸ್ಟೀನ್ ಆಗುತ್ತದೆ. ಇದು ಸಿಸ್ಟೀನಿನ ಸ್ಥಳದಲ್ಲಿ ತಪ್ಪಾಗಿ ಸೇರಿದರೆ ಸಸಾರಜನಕಗಳು ರೂಪಗೆಟ್ಟು ಗಂಟುಕಟ್ಟುತ್ತವೆಂದು ಫ್ರಾನ್ಸಿನ ಸಂಶೋಧಕರು 2017ರಲ್ಲಿ ಪ್ರಕಟಿಸಿರುತ್ತಾರೆ. ಯೀಸ್ಟಿಗೆ ಸೆಲೀನಿಯಮಿನ ಅವಶ್ಯಕತೆಯೇ ಇಲ್ಲ, ದನಕ್ಕಾದರೋ ಉಂಟು. ದನದ ಶರೀರವು ಸೆಲೆನೋಸಿಸ್ಟೀನನ್ನು ಕೆಲವು ಕಿಣ್ವಗಳಲ್ಲಿ ಗೊತ್ತಾದ ಸ್ಥಳದಲ್ಲಿ ಮಾತ್ರ ಇರಿಸಿಕೊಂಡು, ಅವುಗಳಿಂದ ತನ್ನ ಕೋಶಗಳನ್ನು ಕಾಪಾಡಿಕೊಳ್ಳುತ್ತದೆ. ಇದರ ಕೊರತೆಯಿಂದ ಕರುಕುರಿಗಳ ಮಾಂಸಖಂಡಗಳು ಬಿಳಿಚಿ ನಿಶ್ಶಕ್ತವಾಗುವುದೂ, ಈದ ಹಸುವಿನ ಮಾಸು ಬೀಳದೆ ನಿಲ್ಲುವುದೂ ಉಂಟು.

ಯೀಸ್ಟಿನ ರೂಪದಲ್ಲಿ ಕೊಟ್ಟ ಸೆಲೀನಿಯಂ ಬರಿಯ ಲವಣಕ್ಕಿಂತ ಹೆಚ್ಚಾಗಿ ಹಾಲಿಗೂ ಗರ್ಭದ ಕರುವಿಗೂ ಸೇರುವುದು ನಿಜ. ಏಕೆಂದರೆ ಹಸುವಿನ ಶರೀರವೂ ಸೆಲೆನೋಮೆಥಿಯೋನಿನ್ನನ್ನು ಮೆಥಿಯೋನಿನ್ನೆಂದೇ ಬಗೆದು ಮಾಂಸದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಮಾರುವವರು ಈ ಗುಣವನ್ನು ಮಾತ್ರ ಹೇಳುತ್ತಾರೆ. ಕೂಡಿಡುವ ಶರೀರವು ಹೆಚ್ಚಾದುದನ್ನೂ ಕೂಡಿಡುತ್ತದೆಂಬುದನ್ನು ಹೇಳುವವರು ವಿರಳ. ಪಂಜಾಬಿನ ಹೋಷಿಯಾರ್‌ಪುರ, ನವಾನ್‌ಶಹರ್ ಕಡೆಯ ಕೆಲವು ಹಳ್ಳಿಗಳಲ್ಲಿ ಯೀಸ್ಟಿನ ಸಹಾಯವೇ ಇಲ್ಲದೆ, ಮಣ್ಣಿನ ಸೆಲೀನಿಯಮೇ ಗೋಧಿಯಲ್ಲಿಯೂ ಮೇವಿನಲ್ಲಿಯೂ ಸೇರಿ, ದನಗಳ ಕೂದಲು ಉದುರಿ ಕೊಂಬು ಗೊರಸುಗಳು ವಿಕಾರವಾದುದು ಪ್ರಸಿದ್ಧವಾಗಿದೆ. ಅಂತಹ ನೆಲದ ಮೇವು ತಿನ್ನುವ ದನಕ್ಕೆ ಈ ಹುದುಗನ್ನು ಕೊಡುವುದು ಹಣ ತೆತ್ತು ರೋಗವನ್ನು ಕೊಂಡಂತೆ.

ಪ್ರಮಾಣವು ಅತ್ಯಲ್ಪ. ಅಮೆರಿಕಾ ದೇಶದಲ್ಲಿ ಒಣ ಮೇವಿನ ಒಂದು ಕಿಲೋಗ್ರಾಂಗೆ 0.3 ಮಿಲಿಗ್ರಾಂ ಸೆಲೀನಿಯಮಿಗಿಂತ ಹೆಚ್ಚು ಸೇರಿಸಕೂಡದೆಂಬ ನಿಬಂಧನೆಯಿದೆ. ದಿನಕ್ಕೆ 10 ಕಿಲೋಗ್ರಾಂ ಒಣ ಮೇವು ತಿನ್ನುವ ಹಸುವಿಗೆ ಆ ಲೆಕ್ಕದಂತೆ 3 ಮಿಲಿಗ್ರಾಂ ಮಾತ್ರ. ಗ್ರಾಂ ಒಂದಕ್ಕೆ 2 ಮಿಲಿಗ್ರಾಂ ಇರುವ ಯೀಸ್ಟಿನಲ್ಲಿ ಒಂದೂವರೆ ಗ್ರಾಂ ಸಾಕು. ಇದನ್ನು ಕೊಟ್ಟಿಗೆಯಲ್ಲಿ ಹಿಡಿಯಿಂದ ಅಳೆಯುವುದು ಅಸಾಧ್ಯ. ಆದಕಾರಣ ಯಂತ್ರದಲ್ಲಿ ಸಮನಾಗಿ ಬೆರೆಸಿದ ಮಿಶ್ರಣವನ್ನೇ ಕೊಳ್ಳತಕ್ಕದ್ದು. ಬಿಡಿ ಯೀಸ್ಟನ್ನು ಆಳುಕಾಳುಗಳ ಕೈಗೆ ಕೊಡತಕ್ಕದ್ದಲ್ಲ.

ಗ್ರಾಮದ ಮುಖಂಡರು ಮೊದಲು ಮಾಡಬೇಕಾದುದು, ಊರಿನ ನಾಲ್ಕೈದು ಕಡೆಗಳ ಮಣ್ಣು ಮತ್ತು ಮೇವುಗಳನ್ನು ಒಟ್ಟಾಗಿ ಪರೀಕ್ಷೆಗೆ ಕಳುಹಿಸುವುದು. ಒಬ್ಬೊಬ್ಬರೇ ಕಳುಹಿಸುವುದಕ್ಕಿಂತ ಇದಕ್ಕೆ ಖರ್ಚು ಕಡಮೆ, ಫಲವು ಎಲ್ಲರಿಗೂ. ಕೊರತೆಯು ಕಂಡುಬಂದಲ್ಲಿ ಪಶುವೈದ್ಯರ ಸಲಹೆಯಂತೆ ಕೊಡಬಹುದು. ಗ್ರಾಂ ಒಂದಕ್ಕೆ ಎಷ್ಟು ಸೆಲೀನಿಯಂ, ಅದರಲ್ಲಿ ಎಷ್ಟು ಭಾಗ ಸೆಲೆನೋಮೆಥಿಯೋನಿನ್ ರೂಪದ್ದು ಎಂದು ಚೀಟಿಯಲ್ಲಿ ಅಚ್ಚುಮಾಡಿರದ ಮಾಲನ್ನು, ಬೆಲೆ ಎಷ್ಟೇ ಅಗ್ಗವಾಗಿದ್ದರೂ, ಅಂಗಡಿಗೇ ಹಿಂದಿರುಗಿಸುವುದು ಲೇಸು.