ಹಳ್ಳಿಗೊಂದು ಆ್ಯಪ್ ಮಾಡೋ ಮುಂಚೆ

ಹ್ಯಾಕಥಾನ್ ಪೋಸ್ಟರ್ ನೋಟಿಸ್ ಬೋರ್ಡ್ ಮೇಲೆ ಬಂತು ಅಂದ್ರೆ ಅದರಲ್ಲಿ ಒಂದು ಥೀಮ್ ಖಾಯಂ: ಗ್ರಾಮೀಣ ಶಿಕ್ಷಣ. ಅದಿಲ್ಲಾಂದ್ರೆ ರೈತರಿಗಾಗಿ ತಂತ್ರಜ್ಞಾನ. ಮೊದಲನೇ ಸ್ಲೈಡ್‌ನಲ್ಲಿ ಮರದ ಕೆಳಗೆ ಕೂತ ಮಕ್ಕಳ ಫೋಟೋ, ಎರಡನೇದರಲ್ಲಿ ಲಾಗಿನ್ ಪೇಜ್, ಮೂರನೇದರಲ್ಲಿ ಚಾಟ್‌ಬಾಟ್. ಈಗಂತೂ ಎಐ ಇಲ್ಲದ ಐಡಿಯಾವನ್ನು ಜಡ್ಜ್‌ಗಳು ತಿರುಗಿಯೂ ನೋಡಲ್ಲ. ಬೆಳಗಿನ ಜಾವದ ತನಕ ಮ್ಯಾಗಿ ತಿನ್ಕೊಂಡು ಕೋಡ್ ಮಾಡ್ತೀವಿ, ಸರ್ಟಿಫಿಕೇಟ್ ತಗೋತೀವಿ, ರೆಸ್ಯೂಮೆಗೆ ಒಂದು ಸಾಲು ಸೇರುತ್ತೆ. ಆಮೇಲೆ ಆ ಗಿಟ್‌ಹಬ್ ರೆಪೊ ಕಡೆ ಯಾರೂ ತಲೆ ಹಾಕಲ್ಲ. ಆ ಫೋಟೋದಲ್ಲಿರೋ ಮಕ್ಕಳಂತೂ ಅದನ್ನ ನೋಡಿರೋದೇ ಇಲ್ಲ.

ಇಂಥ ಕೆಲಸ ಬೇಡ ಅಂತ ನಾನು ಹೇಳ್ತಿಲ್ಲ. ಬೇಕು. ಆದರೆ ಇಂಟರ್ನೆಟ್, ಸ್ಯಾಟಲೈಟ್, ಮೊಬೈಲ್ ಇವೆಲ್ಲ ಶಾಲೆಗೆ, ಹೊಲಕ್ಕೆ ಎಲ್ಲೆಲ್ಲಿ ನಿಜವಾಗಿ ಉಪಯೋಗಕ್ಕೆ ಬಂದಿವೆಯೋ ಅಲ್ಲೆಲ್ಲ ಎರಡು ವಿಷಯ ಕಾಣ್ಸುತ್ತೆ. ಒಂದು, ಯಂತ್ರಕ್ಕೂ ಜನಕ್ಕೂ ನಡುವೆ ಆ ಊರಿನ ಜನಕ್ಕೆ ಗೊತ್ತಿರೋ ಒಬ್ಬ ಮನುಷ್ಯ. ಇನ್ನೊಂದು, ಆ ಊರಿನ ಮಾತು. ನಾವು ಎರಡನ್ನೂ ಬಿಟ್ಟು ಬರೀ ಸ್ಕ್ರೀನ್ ಕಟ್ತೀವಿ.

ಇದು ಹೊಸ ಆಸೆ ಏನಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಇಸ್ರೋ ಒಂದು ಪ್ರಯೋಗ ಮಾಡಿತ್ತು, ಹೆಸರು ಸೈಟ್. ನಮ್ಮ ಹತ್ರ ಅಂಥ ಉಪಗ್ರಹ ಆಗ ಇರಲಿಲ್ಲ, ನಾಸಾದ ಎಟಿಎಸ್-6 ಅನ್ನು ಒಂದು ವರ್ಷಕ್ಕೆ ಬಳಸೋಕೆ ಕೊಟ್ಟಿದ್ದರು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಟಿವಿ ಇಟ್ಟರು. ಕರ್ನಾಟಕದಲ್ಲಿ ಆರಿಸಿದ್ದು ಇವತ್ತಿನ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳನ್ನ. ಬೆಳಿಗ್ಗೆ ಶಾಲೆ ಮಕ್ಕಳಿಗೆ ಕಾರ್ಯಕ್ರಮ, ಸಂಜೆ ಊರಿನವರಿಗೆ ಕೃಷಿ, ಆರೋಗ್ಯ. ಕನ್ನಡದಲ್ಲೇ. ಬೆಂಗಳೂರಿಗೆ ಇನ್ನೂ ಟಿವಿ ಕೇಂದ್ರ ಬಂದಿರಲಿಲ್ಲ, ರಾಯಚೂರಿನ ಹಳ್ಳಿಯಲ್ಲಿ ಜನ ಸ್ಯಾಟಲೈಟ್ ಟಿವಿ ನೋಡ್ತಿದ್ದರು! ಇದನ್ನ ಓದಿದಾಗ ನನಗೆ ನಿಜಕ್ಕೂ ಖುಷಿಯಾಯ್ತು.

ಆದರೆ ಅದರಲ್ಲಿ ನನಗೆ ಹೆಚ್ಚು ಇಷ್ಟವಾಗಿದ್ದು ಉಪಗ್ರಹ ಅಲ್ಲ. ಅವರು ಟಿವಿ ಕೊಟ್ಟು ಕೈ ತೊಳ್ಕೊಳ್ಳಲಿಲ್ಲ. ಕೆಟ್ಟ ಸೆಟ್ ರಿಪೇರಿಗೆ ಅಂತಲೇ ಕೇಂದ್ರಗಳಿದ್ದವು. ಸಮಾಜ ವಿಜ್ಞಾನದ ಸಂಶೋಧಕರು ಕೆಲವು ಹಳ್ಳಿಗಳಲ್ಲೇ ಉಳಿದು, ಜನ ಏನು ನೋಡ್ತಾರೆ, ಯಾವುದು ಅರ್ಥವಾಗಲ್ಲ, ಯಾವಾಗ ಎದ್ದು ಹೋಗ್ತಾರೆ ಅಂತ ಬರೆದುಕೊಂಡರು. ನಮ್ಮ ಎಷ್ಟು ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ "ಯಾವಾಗ ಎದ್ದು ಹೋದರು" ಅನ್ನೋ ಕಾಲಂ ಇದೆ?

ಮೂವತ್ತು ವರ್ಷ ಆದ್ಮೇಲೆ, ಸೆಪ್ಟೆಂಬರ್ 2004ರಲ್ಲಿ, ಶಿಕ್ಷಣಕ್ಕೆ ಅಂತಲೇ ಎಜುಸ್ಯಾಟ್ ಉಪಗ್ರಹ ಮೇಲೆ ಹೋಯ್ತು. ಅದಕ್ಕೂ ಮುಂಚಿನ ಪೈಲಟ್ ಹಂತದಲ್ಲಿ ಆರಿಸಿದ್ದ ವಿಶ್ವವಿದ್ಯಾಲಯಗಳಲ್ಲಿ ನಮ್ಮ ವಿಟಿಯು ಕೂಡ ಒಂದು. ಪ್ರಾಥಮಿಕ ಶಾಲೆಗಳಿಗೆ ಅಂತ ಕರ್ನಾಟಕದಲ್ಲಿ ಮೊದಲು ತಗೊಂಡಿದ್ದು ಚಾಮರಾಜನಗರ ಜಿಲ್ಲೆ. 2010ರಲ್ಲಿ ಉಪಗ್ರಹದ ಆಯಸ್ಸು ಮುಗೀತು. ಉಪಗ್ರಹಕ್ಕೆ ಆಯಸ್ಸು ಇರುತ್ತೆ, ಸರ್ವರ್‌ಗೂ ಇರುತ್ತೆ, ಸ್ಪಾನ್ಸರ್ ದುಡ್ಡಿಗಂತೂ ಇನ್ನೂ ಕಡಿಮೆ. ಆದರೂ ನಾವು ಪ್ರತಿ ಸಲ ಇದೇ ಕೊನೆಯ ಪರಿಹಾರ ಅನ್ನೋ ಥರ ಪ್ರೆಸೆಂಟೇಶನ್ ಕೊಡ್ತೀವಿ.

ಈಗ ಬೆಂಗಳೂರಲ್ಲೇ ನಡೆದ ಒಂದು ಕೆಲಸದ ಬಗ್ಗೆ ಹೇಳ್ತೀನಿ, ಇದು ನನ್ನ ಫೇವರಿಟ್. 2005ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್ ತನ್ನ ಲ್ಯಾಬ್ ಇಲ್ಲಿ ಶುರು ಮಾಡ್ತು. ಅಲ್ಲಿನವರು ಸರ್ಕಾರಿ ಶಾಲೆಗಳಿಗೆ ಹೋಗಿ ನೋಡಿದಾಗ ಕಂಡಿದ್ದು: ಒಂದು ಕಂಪ್ಯೂಟರ್, ಸುತ್ತ ಐದಾರು ಮಕ್ಕಳು, ಮೌಸ್ ಮಾತ್ರ ಒಬ್ಬನ ಕೈಯಲ್ಲಿ. ಆ ಒಬ್ಬ ಯಾರಿರ್ತಾನೆ ಅಂತ ನಿಮಗೂ ಗೊತ್ತು. ನಮ್ಮ ಲ್ಯಾಬ್ ಬ್ಯಾಚ್‌ನಲ್ಲೂ ಒಬ್ಬ ಇರ್ತಾನೆ, ಉಳಿದವರು ರೆಕಾರ್ಡ್ ಬರೀತಾರೆ. ನಾವಾಗಿದ್ರೆ ಏನು ಮಾಡ್ತಿದ್ವಿ? ಮಗುವಿಗೊಂದು ಟ್ಯಾಬ್ಲೆಟ್ ಕೊಡಿ ಅಂತ ಪ್ರಪೋಸಲ್ ಬರೀತಿದ್ವಿ. ಅವರು ಅದೇ ಕಂಪ್ಯೂಟರ್‌ಗೆ ಇನ್ನಷ್ಟು ಮೌಸ್ ಚುಚ್ಚಿದರು. ಒಂದೊಂದು ಮೌಸ್‌ಗೂ ಸ್ಕ್ರೀನ್ ಮೇಲೆ ಬೇರೆ ಬೇರೆ ಕರ್ಸರ್. ಹೆಸರು ಮಲ್ಟಿಪಾಯಿಂಟ್. ಒಂದು ಮೌಸ್‌ನ ಬೆಲೆ ಎಷ್ಟು ಹೇಳಿ!

ಮಜಾ ಇರೋದು ಮುಂದೆ. ಇಂಗ್ಲಿಷ್ ಪದ ಕಲಿಸೋ ಆಟವನ್ನ ಬೇರೆ ಬೇರೆ ಥರ ಆಡಿಸಿದರು. ಒಂದರಲ್ಲಿ ಯಾರು ಮೊದಲು ಸರಿ ಉತ್ತರ ಒತ್ತುತ್ತಾರೋ ಅವರಿಂದ ಆಟ ಮುಂದೆ ಹೋಗುತ್ತೆ. ಇನ್ನೊಂದರಲ್ಲಿ ಎಲ್ಲರೂ ಸರಿ ಉತ್ತರ ಒತ್ತೋ ತನಕ ಮುಂದಿನ ಪ್ರಶ್ನೆ ಬರಲ್ಲ. ಮೊದಲನೇದರಲ್ಲಿ ಸ್ಪರ್ಧೆ ಜಾಸ್ತಿಯಾಗಿ ಕಲಿಕೆ ಹಿಂದೆ ಬಿತ್ತು, ಅದರಲ್ಲೂ ಹುಡುಗರದ್ದು. ಎರಡನೇದರಲ್ಲಿ ಮಕ್ಕಳು ಒಬ್ಬರಿಗೊಬ್ಬರು ಹೇಳ್ಕೊಟ್ಟು, ಒಬ್ಬೊಬ್ಬರಿಗೂ ಬೇರೆ ಕಂಪ್ಯೂಟರ್ ಇದ್ದಾಗ ಕಲಿತಷ್ಟೇ ಕಲಿತರು. ಎರಡಕ್ಕೂ ಹಾರ್ಡ್‌ವೇರ್ ಒಂದೇ. ಬದಲಾಗಿದ್ದು ಒಂದು ನಿಯಮ, ಕೋಡ್‌ನಲ್ಲಿ ಬಹುಶಃ ಒಂದು ಇಫ್ ಕಂಡೀಶನ್. ಆ ಕಂಡೀಶನ್ ಬರೆಯೋಕೆ ಮುಂಚೆ ಮಕ್ಕಳ ಹಿಂದೆ ನಿಂತು ನೋಡಬೇಕಾಗಿತ್ತು, ಅಷ್ಟೆ.

ಕೃಷಿಯಲ್ಲೂ ಇಂಥದ್ದೇ ಕಥೆ. ಕೊಲ್ಲಾಪುರದ ಹತ್ತಿರ ವಾರಣಾ ಅನ್ನೋ ಕಡೆ ದೊಡ್ಡ ಸಕ್ಕರೆ ಸಹಕಾರಿ ಸಂಘ ಇದೆ. 1998ರಲ್ಲಿ ಅಲ್ಲಿನ ಹಳ್ಳಿಗಳಲ್ಲಿ ಕಂಪ್ಯೂಟರ್ ಕಿಯೋಸ್ಕ್‌ಗಳನ್ನ ಇಟ್ಟರು, ರೈತರು ಜಗತ್ತಿನ ಮಾಹಿತಿ ನೋಡಲಿ ಅಂತ. ರೈತರು ಬಂದಿದ್ದು ಬಹುತೇಕ ತಮ್ಮ ಕಬ್ಬಿನ ತೂಕ ಎಷ್ಟಾಯ್ತು, ದುಡ್ಡು ಎಷ್ಟು ಬಂತು ಅಂತ ನೋಡೋಕೆ. ಅಷ್ಟಕ್ಕೆ ಕಂಪ್ಯೂಟರ್ ಯಾಕೆ ಅಂತ, ಅದೇ ಬೆಂಗಳೂರು ಲ್ಯಾಬ್‌ನವರು ಕೆಲವು ಹಳ್ಳಿಗಳಲ್ಲಿ ಕಿಯೋಸ್ಕ್ ಬದಲು ಎಸ್ಸೆಮ್ಮೆಸ್ ಇಟ್ಟು ನೋಡಿದರು. ಕೆಲಸ ನಡೀತು, ಖರ್ಚೂ ಇಳೀತು.

ಎಸ್ಸೆಮ್ಮೆಸ್ ಅಂದಾಗ ಒಂದು ಲೆಕ್ಕ ಹೇಳ್ಬೇಕು, ಇದು ನಮ್ಮ ಸಿಲಬಸ್‌ನಲ್ಲಿ ಬರಲ್ಲ. ಒಂದು ಮೆಸೇಜ್‌ಗೆ 140 ಬೈಟ್ ಜಾಗ. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಹಾಗಾಗಿ 160 ಅಕ್ಷರ ಹಿಡಿಸುತ್ತೆ. ಕನ್ನಡಕ್ಕೆ ಒಂದೊಂದು ಚಿಹ್ನೆಗೂ 16 ಬಿಟ್, ಹಾಗಾಗಿ 70 ಮಾತ್ರ. ಅದರಲ್ಲೂ ನಮಗೆ ಒಂದೇ ಅಕ್ಷರದ ಥರ ಕಾಣೋ "ಸ್ತ್ರೀ" ಆರು ಜಾಗ ತಿನ್ನುತ್ತೆ: ಸ, ಅದಕ್ಕೊಂದು ಹಲಂತ, ತ, ಅದಕ್ಕೊಂದು ಹಲಂತ, ರ, ಕೊನೆಗೆ ದೀರ್ಘ. ಸ್ತ್ರೀಶಕ್ತಿ ಸಂಘದ ಸಭೆ ಯಾವಾಗ ಅಂತ ಸದಸ್ಯರಿಗೆಲ್ಲ ಕನ್ನಡದಲ್ಲಿ ಮೆಸೇಜ್ ಕಳಿಸೋ ಸಂಸ್ಥೆಗೆ, ಅದನ್ನೇ ಇಂಗ್ಲಿಷ್‌ನಲ್ಲಿ ಕಳಿಸೋದಕ್ಕಿಂತ ಸುಲಭವಾಗಿ ಎರಡು ಪಟ್ಟು ಖರ್ಚು. ಯಾರೂ ಬೇಕು ಅಂತ ಮಾಡಿದ್ದಲ್ಲ ಇದು. ಸ್ಟ್ಯಾಂಡರ್ಡ್ ಬರೆಯೋವಾಗ ಆ ಕೋಣೆಯಲ್ಲಿ ನಮ್ಮ ಭಾಷೆ ನೆನಪಿದ್ದವರು ಇರಲಿಲ್ಲ, ಅಷ್ಟೇ ಇರಬೇಕು.

ಇನ್ನು ಡಿಜಿಟಲ್ ಗ್ರೀನ್. 2006ರಲ್ಲಿ ಇದೇ ಲ್ಯಾಬ್‌ನಲ್ಲಿ ಶುರುವಾಗಿ ಆಮೇಲೆ ಸ್ವಂತ ಸಂಸ್ಥೆ ಆಯ್ತು. ಕೃಷಿ ವಿಜ್ಞಾನಿಯ ಭಾಷಣದ ಬದಲು, ಅಕ್ಕಪಕ್ಕದ ಊರಿನ ರೈತರೇ ತಮ್ಮ ಹೊಲದಲ್ಲಿ ಮಾಡಿ ತೋರಿಸೋ ಪುಟ್ಟ ವಿಡಿಯೋ. ಅದನ್ನ ಯೂಟ್ಯೂಬ್‌ಗೆ ಹಾಕಿ ಬಿಟ್ಟಿದ್ರೆ ನಾನು ಇಲ್ಲಿ ಬರೀತಿರಲಿಲ್ಲ. ಊರಿನದೇ ಒಬ್ಬರು ಜನರನ್ನ ಸೇರಿಸಿ ವಿಡಿಯೋ ಹಾಕ್ತಾರೆ, ಮಧ್ಯೆ ನಿಲ್ಲಿಸಿ ಪ್ರಶ್ನೆ ಕೇಳ್ತಾರೆ, ಆಮೇಲೆ ಯಾರು ಮಾಡಿದರು ಅಂತ ಹೋಗಿ ವಿಚಾರಿಸ್ತಾರೆ. "ಇವರು ನಮ್ಮ ಥರಾನೇ ಮಾತಾಡ್ತಾರೆ, ಇವರ ಕೈಲಾದ್ರೆ ನಮ್ಮ ಕೈಲೂ ಆಗುತ್ತೆ" ಅನ್ನೋದು ಹುಟ್ಟೋದು ಆ ಸಭೆಯಲ್ಲಿ.

2010ರಲ್ಲಿ ಛತ್ತೀಸಗಡದ ಕಡೆ ಪತ್ರಕರ್ತ ಶುಭ್ರಾಂಶು ಚೌಧರಿ ಮತ್ತವರ ಗೆಳೆಯರು ಶುರು ಮಾಡಿದ ಸಿಜಿನೆಟ್ ಸ್ವರ ಕೂಡ ಹೀಗೇ. ಗೊಂಡಿ ಮಾತಾಡೋ ಆದಿವಾಸಿಗಳು ಸಾದಾ ಫೋನಲ್ಲಿ ತಮ್ಮ ಊರಿನ ಸಮಸ್ಯೆ ಹೇಳ್ತಾರೆ, ಅದನ್ನ ಕೇಳಿ ಪರಿಶೀಲಿಸೋಕೆ ಮನುಷ್ಯರಿದ್ದಾರೆ. ಓದು ಬರಹ ಬೇಕಿಲ್ಲ, ಸ್ಮಾರ್ಟ್‌ಫೋನ್ ಬೇಕಿಲ್ಲ.

ಇಷ್ಟು ಹೇಳಿದಾಗ ನನ್ನ ರೂಮ್‌ಮೇಟ್ ಕೇಳೋ ಪ್ರಶ್ನೆ: "ಮೇಷ್ಟ್ರೇ ಇಲ್ಲದ ಶಾಲೆಗೆ ಏನು ಮಾಡ್ತೀಯಾ? ಏನೂ ಇಲ್ಲದೇ ಇರೋದಕ್ಕಿಂತ ಆ್ಯಪ್ ವಾಸಿ ಅಲ್ವಾ?" ಪ್ರಶ್ನೆ ಸರಿಯಾಗೇ ಇದೆ. ಆ ಬೆಂಗಳೂರು ಲ್ಯಾಬ್ ಕಟ್ಟಿದವರಲ್ಲಿ ಒಬ್ಬರಾದ ಕೆಂಟಾರೊ ಟೊಯಾಮಾ 2015ರಲ್ಲಿ ಗೀಕ್ ಹೆರೆಸಿ ಅಂತ ಪುಸ್ತಕ ಬರೆದರು. ವರ್ಷಗಟ್ಟಲೆ ಇಂಥ ಪ್ರಾಜೆಕ್ಟ್ ಮಾಡಿದ ಮೇಲೆ ಅವರು ಮುಟ್ಟಿದ ತೀರ್ಮಾನ ಅಂದ್ರೆ ತಂತ್ರಜ್ಞಾನ ಒಂದು ಆಂಪ್ಲಿಫಯರ್ ಥರ, ಇರೋದನ್ನ ಹೆಚ್ಚು ಮಾಡುತ್ತೆ. ಇಸಿ ಬ್ರ್ಯಾಂಚ್‌ನವರಿಗೆ ಬಿಡಿಸಿ ಹೇಳ್ಬೇಕಿಲ್ಲ: ಇನ್‌ಪುಟ್ ಸೊನ್ನೆ ಇದ್ರೆ ಗೇನ್ ಎಷ್ಟಿದ್ದರೂ ಔಟ್‌ಪುಟ್ ಸೊನ್ನೆ. 2020ರಲ್ಲಿ ನಾವೇ ಇದನ್ನ ನೋಡಿದ್ವಿ. ಇಂಗ್ಲಿಷ್ ಮೀಡಿಯಂನ ನನ್ನಂಥೋರಿಗೆ ಮನೆಯಲ್ಲಿ ವೈಫೈ ಇತ್ತು, ಹಿಂದೆ ನಿಂತು ಗದರೋಕೆ ಅಮ್ಮ ಇದ್ದರು, ಜೂಮ್ ನಡೀತು. ಸರ್ಕಾರಿ ಶಾಲೆ ಮಕ್ಕಳಿಗೆ ಬರೀ ಸ್ಕ್ರೀನ್ ಸಾಲಲ್ಲ ಅಂತ ಗೊತ್ತಾಗಿ ಅದೇ ವರ್ಷ ವಿದ್ಯಾಗಮ ಅಂತ ಮಾಡಿ, ಮೇಷ್ಟ್ರುಗಳನ್ನೇ ಮಕ್ಕಳಿದ್ದ ಕಡೆ ಕಳಿಸಬೇಕಾಯ್ತು. ಹಾಗಾಗಿ ನನ್ನ ಉತ್ತರ: ಮೇಷ್ಟ್ರು ಇಲ್ಲದ ಶಾಲೆಗೆ ಮೊದಲು ಮೇಷ್ಟ್ರನ್ನ ಕೊಡಿ ಅಂತ ಜಗಳ ಆಡಬೇಕು. ನಮ್ಮ ಆ್ಯಪ್ ಆ ಜಗಳ ಆಡದೇ ಇರೋಕೆ ಯಾರಿಗೋ ನೆಪ ಆಗಬಾರದು.

ಮೇಷ್ಟ್ರು ಇರೋ ಕಡೆ ಎಐ ನಿಜವಾಗಿ ಕೆಲಸಕ್ಕೆ ಬರಬಹುದು. ಶಿಕ್ಷಣ ಫೌಂಡೇಶನ್ ಮತ್ತು ಮೈಕ್ರೋಸಾಫ್ಟ್ ರಿಸರ್ಚ್ ಸೇರಿ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಪ್ರಯೋಗ ಮಾಡಿದ ಶಿಕ್ಷಾ ಕೋಪೈಲಟ್ ಮಕ್ಕಳಿಗಲ್ಲ, ಶಿಕ್ಷಕರಿಗೆ. ಪಾಠ ಯೋಜನೆ ತಯಾರು ಮಾಡೋಕೆ ಸಹಾಯ ಮಾಡುತ್ತೆ, ಶಿಕ್ಷಕರು ಅದನ್ನ ತಿದ್ದಿ ಬಳಸ್ತಾರೆ. ಯಂತ್ರ ತಪ್ಪು ಹೇಳಿದ್ರೆ ಹಿಡಿಯೋಕೆ ನಡುವೆ ಒಬ್ಬರಿದ್ದಾರೆ. ಐದನೇ ಕ್ಲಾಸಿನ ಮಗುವಿನ ಕೈಗೆ ನೇರವಾಗಿ ಚಾಟ್‌ಬಾಟ್ ಕೊಟ್ಟರೆ ಅದು ಧೈರ್ಯವಾಗಿ ಹೇಳೋ ಸುಳ್ಳನ್ನ ಯಾರು ಹಿಡೀತಾರೆ?

ಮಾತಿನ ವಿಷಯಕ್ಕೆ ಬರ್ತೀನಿ, ಕನ್ನಡ ಬಳಗದವರಿಗೆ ನಾನು ಮುಖ್ಯವಾಗಿ ಹೇಳ್ಬೇಕಿರೋದು ಇದೇ. ನಮ್ಮ ಅಜ್ಜಿ ವಾಟ್ಸಾಪ್‌ನಲ್ಲಿ ಟೈಪ್ ಮಾಡಲ್ಲ, ಬರೀ ವಾಯ್ಸ್ ಮೆಸೇಜ್. ಅವರಂಥವರಿಗೆ ಇಂಟರ್ನೆಟ್ ಅಂದ್ರೆ ದನಿ. ಆ ದನಿಯನ್ನ ಯಂತ್ರಕ್ಕೆ ಕಲಿಸೋಕೆ ದೊಡ್ಡ ಕೆಲಸಗಳು ನಡೀತಿವೆ. ಐಐಎಸ್‌ಸಿಯ ವಾಣಿ ಪ್ರಾಜೆಕ್ಟ್‌ನಲ್ಲಿ ಜಿಲ್ಲೆ ಜಿಲ್ಲೆಯ ಜನಕ್ಕೆ ಚಿತ್ರ ತೋರಿಸಿ, ಅದರ ಬಗ್ಗೆ ಅವರದೇ ಮಾತಲ್ಲಿ ಹೇಳಿಸಿ ರೆಕಾರ್ಡ್ ಮಾಡಿ, ಡೇಟಾವನ್ನ ಎಲ್ಲರಿಗೂ ತೆರೆದಿಡ್ತಿದ್ದಾರೆ. ಕಾರ್ಯಾ ಅನ್ನೋ ಬೆಂಗಳೂರಿನ ಸಂಸ್ಥೆ ಹಳ್ಳಿಯ ಜನರಿಗೆ ದುಡ್ಡು ಕೊಟ್ಟು ಕನ್ನಡ ಓದಿಸಿ ರೆಕಾರ್ಡ್ ಮಾಡಿಸಿದೆ. ಒಳ್ಳೇದೇ. ಆದರೆ ಈ ಮಾಡೆಲ್‌ಗಳು ಯಾರ ಕನ್ನಡವನ್ನ ಎಷ್ಟು ಅರ್ಥ ಮಾಡ್ಕೊಳ್ತವೆ ಅಂತ ಹೊರಗಿನಿಂದ ಪರೀಕ್ಷೆ ಮಾಡೋರೂ ಬೇಕಲ್ವಾ?

ಅದನ್ನ ನಾವು ಮಾಡಬಹುದು. ಕೋಡಿಂಗ್ ಕ್ಲಬ್‌ನಲ್ಲಿ ಇಲ್ಲದ ಒಂದು ಆಸ್ತಿ ನಮ್ಮ ಕನ್ನಡ ಬಳಗದಲ್ಲಿದೆ. ಹಾಸ್ಟೆಲ್ ಕಾರಿಡಾರ್‌ನಲ್ಲಿ ನಿಂತ್ಕೊಂಡ್ರೆ "ಹೋಗ್ತಾನೆ", "ಹೊಂಟಾನ", "ಹೋಗ್ತಾವ್ನೆ" ಮೂರೂ ಐದು ನಿಮಿಷದಲ್ಲಿ ಕಿವಿಗೆ ಬೀಳುತ್ತೆ. ಮಾಡೆಲ್ ಎಷ್ಟು ತಪ್ಪು ಕೇಳಿಸ್ಕೊಳ್ತು ಅಂತ ಅಳೆಯೋಕೆ ವರ್ಡ್ ಎರರ್ ರೇಟ್ ಅಂತ ಒಂದು ಅಳತೆ ಇದೆ. ಬದಲಾದ ಪದ, ಬಿಟ್ಟುಹೋದ ಪದ, ಸುಮ್ಮನೆ ಸೇರಿದ ಪದ ಇಷ್ಟನ್ನೂ ಕೂಡಿಸಿ, ನಿಜವಾಗಿ ಹೇಳಿದ ಪದಗಳ ಸಂಖ್ಯೆಯಿಂದ ಭಾಗಿಸೋದು. ಇಂಗ್ಲಿಷ್‌ಗೆ ಸರಿ ಹೋಗುತ್ತೆ. ಕನ್ನಡದಲ್ಲಿ "ಹೋಗ್ಬೇಕಾಗಿತ್ತಲ್ವಾ" ಅನ್ನೋದು ಒಂದೇ ಪದ, ಇಂಗ್ಲಿಷ್‌ನಲ್ಲಾದ್ರೆ ಒಂದು ವಾಕ್ಯ. ಮಾಡೆಲ್ ಅದನ್ನ "ಹೋಗಬೇಕಾಗಿತ್ತಲ್ಲವಾ" ಅಂತ ಬರೆದ್ರೆ ಅರ್ಥ ಪೂರ್ತಿ ಸರಿ, ಆದರೆ ಲೆಕ್ಕದಲ್ಲಿ ಪೂರ್ತಿ ತಪ್ಪು. ಇನ್ನೊಂದು ಕಡೆ "ಹಾಕಬೇಡ" ಅನ್ನೋದನ್ನ "ಹಾಕಬೇಕು" ಅಂತ ಕೇಳಿಸ್ಕೊಂಡ್ರೂ ಅದೇ ಒಂದು ತಪ್ಪು. ಔಷಧಿ ಸಿಂಪಡಿಸೋ ವಿಷಯದಲ್ಲಿ ಈ ಎರಡು ತಪ್ಪು ಒಂದೇನಾ? ಇದನ್ನ ಗುರುತಿಸೋಕೆ ಕನ್ನಡ ಬರೋ ಇಂಜಿನಿಯರ್‌ಗಳೇ ಬೇಕು. ನನ್ನಂಥ ಅರ್ಧಂಬರ್ಧ ಕನ್ನಡದವರೂ ನಡೆಯುತ್ತೆ.

ಹಾಗಾಗಿ ಮುಂದಿನ ಸೆಮ್ ಮಿನಿ ಪ್ರಾಜೆಕ್ಟ್‌ಗೆ ನನ್ನ ಪ್ರಸ್ತಾಪ ಇದು. ಹೊಸ ಆ್ಯಪ್ ಇಲ್ಲ, ಲೋಗೋ ಇಲ್ಲ. ಶಾಲೆ, ಆಸ್ಪತ್ರೆ, ಹೊಲಕ್ಕೆ ಸಂಬಂಧಪಟ್ಟ ಇನ್ನೂರು ವಾಕ್ಯ. ಓದಿಸೋದಲ್ಲ, ಸಂದರ್ಭ ಹೇಳಿ ಅವರವರ ಮಾತಲ್ಲಿ ಹೇಳಿಸೋದು. ಆದಷ್ಟು ಕಡೆಯ ಜನ, ಬರೀ ಹುಡುಗರಲ್ಲ, ರಜೆಗೆ ಊರಿಗೆ ಹೋದಾಗ ಮನೆಯ ಹಿರಿಯರದ್ದೂ, ಅವರ ಒಪ್ಪಿಗೆ ಕೇಳಿ. ಎಲ್ಲರಿಗೂ ಸಿಗೋ ಎರಡು ಮೂರು ಮಾಡೆಲ್‌ಗೆ ಕೊಟ್ಟು, ಯಾವ ಕಡೆಯ ಕನ್ನಡದಲ್ಲಿ ಅರ್ಥ ಕೆಡಿಸೋ ತಪ್ಪು ಎಷ್ಟು ಅಂತ ಎಣಿಸಿ, ಆ ಪಟ್ಟಿಯನ್ನ ಬಹಿರಂಗವಾಗಿ ಹಾಕೋದು. ಗೈಡ್ ಹುಡುಕ್ತಾ ಇದ್ದೀವಿ. ಕಲಬುರಗಿ, ಶಿರಸಿ, ಮಂಡ್ಯ ಕಡೆಯವರು ಸಿಕ್ಕಿದ್ದಾರೆ. ಕೋಲಾರದವರು, ಕುಂದಾಪುರದವರು, ಮತ್ತೆ ಚಾಮರಾಜನಗರದವರು ಯಾರಾದ್ರೂ ಇದ್ರೆ ಇನ್ನೂ ಬೇಕು.